ಮಾರುತಕ್ಕೆ ಸಿಗದ ಎಂಜಿನ್

ಮಾರುತ ಎಂದರೆ ಗಾಳಿ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹೆಸರಿನ ವಿಮಾನವೊಂದು ಬೆಂಗಳೂರಿನಲ್ಲಿ ಹುಟ್ಟಿತ್ತು, ಭಾರತದಲ್ಲಿ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದೇ, ಅದು ಒಂದು ಯುದ್ಧದಲ್ಲಿ ಹೋರಾಡಿಯೂ ಬಂದಿತ್ತು ಎಂದರೆ ಇಂದಿನ ಬೆಂಗಳೂರಿಗರೇ ಎಷ್ಟೋ ಜನ ಹುಬ್ಬೇರಿಸುತ್ತಾರೆ. ದುಬೈನ ಅಲ್ ನಹ್ದಾದಲ್ಲಿರುವ ನಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ 2022ರಿಂದ ಅದರ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ಮೂಲದ ಎಂಟರಲ್ಲಿ ಒಂದು ಪಾಲು ಅಳತೆಯದು, ನೆಲದ ಮೇಲೆ ನಿಂತು ರೇಡಿಯೋ ರಿಮೋಟಿನಿಂದ ಹಾರಿಸುವಂಥದ್ದು.

ನಾನು ಎಂಜಿನಿಯರನಲ್ಲ. ಬಿ.ಕಾಂ. ಓದಿ, ಸಿ.ಎ. ಮುಗಿಸಿ, ಕೊಲ್ಲಿಗೆ ಬಂದು ಬೇರೆಯವರ ಲೆಕ್ಕ ನೋಡಿ ಬದುಕುವವನು. ನನ್ನಪ್ಪ ಮಾತ್ರ ಎಚ್.ಎ.ಎಲ್.ನಲ್ಲಿ ಫಿಟ್ಟರ್ ಆಗಿದ್ದವರು. 1968ರಲ್ಲಿ ಕೆಲಸಕ್ಕೆ ಸೇರಿದಾಗ ಅವರ ಕೈಗೆ ಬಂದ ಮೊದಲ ವಿಮಾನ ಮಾರುತವೇ. ಪುಸ್ತಕಗಳಲ್ಲಿ ಆ ವಿಮಾನದ ಬಗ್ಗೆ 'ವಿಫಲ' ಎಂಬ ಮಾತು ಆಗಾಗ ಸಿಗುತ್ತದೆ. ಮನೆಯಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಇವೆರಡರಲ್ಲಿ ಯಾವುದು ನಿಜ ಎಂದು ಲೆಕ್ಕಿಗನ ಕಣ್ಣಿನಿಂದ ನೋಡುವ ಪ್ರಯತ್ನ ಈ ಬರಹ.

ಕಥೆ ಶುರುವಾಗುವುದು ಮೈಸೂರು ಸಂಸ್ಥಾನದ ಕಾಲದಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ತೆರೆದರು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಅದು ಪ್ರೊಪೆಲ್ಲರಿನ ಪುಟ್ಟ ವಿಮಾನ. ಅಲ್ಲಿಂದ ಐದೇ ವರ್ಷಕ್ಕೆ ದೇಶ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಯುದ್ಧವಿಮಾನಕ್ಕೆ ಕೈಹಾಕಿತು. ಅದಕ್ಕಾಗಿ 1956ರಲ್ಲಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದಲ್ಲಿ ಹೆಸರಾದ ಫೊಕ್ಕೆ-ವುಲ್ಫ್ 190 ವಿಮಾನ ಅವರದೇ ಕೃತಿ. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಪುಲ್ಕಿ-2 ಎಂಬ ಜೆಟ್ಟನ್ನು ರೂಪಿಸಿದ್ದರು. ಹೊಟ್ಟೆಪಾಡಿಗೆ ಊರು ಬಿಟ್ಟು ಹೋಗುವ ನಮ್ಮಂಥವರಿಗೆ ಅವರ ದಾರಿ ಅಪರಿಚಿತವೇನಲ್ಲ.

ಮಾದರಿ ಕಟ್ಟುವವನಿಗೆ ಈ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾಗುವ ಅಧ್ಯಾಯ 1959ರದು. ಮಾರುತವನ್ನು ಲೋಹದಲ್ಲಿ ಕಟ್ಟುವ ಮೊದಲು ಬೆಂಗಳೂರಿನ ಕುಶಲಕರ್ಮಿಗಳು ಅದನ್ನು ಪೂರ್ತಿ ಅಳತೆಯಲ್ಲಿ ಮರದಿಂದ ಕಟ್ಟಿದರು. ಅದಕ್ಕೆ ಎಂಜಿನ್ ಇರಲಿಲ್ಲ. ಎಕ್ಸ್-241 ಎಂಬ ಈ ಗ್ಲೈಡರನ್ನು ಡಕೋಟಾ ವಿಮಾನವೊಂದು ಹಗ್ಗ ಕಟ್ಟಿ ಆಕಾಶಕ್ಕೆ ಎಳೆದೊಯ್ದು ಬಿಡುತ್ತಿತ್ತು. ಒಳಗೆ ಕೂತ ಪೈಲಟ್ ಅದನ್ನು ತೇಲಿಸಿಕೊಂಡು ಕೆಳಗೆ ತಂದು ಇಳಿಸುತ್ತಿದ್ದ. ಹೀಗೆ 78 ಸಲ ಹಾರಿಸಿ ವಿನ್ಯಾಸವನ್ನು ಪರೀಕ್ಷಿಸಿದರು. ಅಂದರೆ ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ್ದೇ ಮಾರುತದ ಮಾದರಿ.

ನಾನೂ ಮರದಲ್ಲೇ ಕಟ್ಟುತ್ತಿದ್ದೇನೆ: ಬಾಲ್ಸಾ, ಪ್ಲೈವುಡ್, ಮೇಲೆ ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ಅಂಟು. ದುಬೈನ ಬೇಸಿಗೆಯಲ್ಲಿ ಎಪಾಕ್ಸಿ ಕಲಸಿ ಹಚ್ಚುವಷ್ಟರಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಬೆಳಗಿನ ಬಾಂಗಿನ ಹೊತ್ತಿಗೆ ಎದ್ದು, ಬಿಸಿಲೇರುವ ಮೊದಲೇ ಬಾಲ್ಕನಿಯಲ್ಲಿ ಆ ಕೆಲಸ ಮುಗಿಸುವುದು ರೂಢಿ. ಅತಿ ಕಷ್ಟದ ಭಾಗವೆಂದರೆ ವಿಮಾನದ ನಡು. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲೆಂದು ರೆಕ್ಕೆ ಸೇರುವ ಕಡೆ ಮೈಯನ್ನು ಒಳಕ್ಕೆ ಎಳೆದು ಸಣ್ಣ ಮಾಡಿದ್ದಾರೆ. ಆದ್ದರಿಂದ ಒಳಗಿನ ಅಡ್ಡಪಟ್ಟಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ವಿಡಿಯೋ ಕಾಲಿನಲ್ಲಿ ತೋರಿಸಿದರೆ ಅಪ್ಪ ಕನ್ನಡಕ ಸರಿಮಾಡಿಕೊಂಡು, "ನಡು ಇನ್ನೂ ದಪ್ಪ ಇದೆ ಕಣೋ ಮರಿ, ಇನ್ನೊಂದ್ ಕೈ ಉಜ್ಜು" ಎನ್ನುತ್ತಾರೆ. ಉಜ್ಜಿದ ಮೇಲೆ ಅಳೆದು ನೋಡಿದರೆ ಅವರ ಕಣ್ಣಿನ ಲೆಕ್ಕವೇ ಸರಿ ಬರುತ್ತದೆ.

ಲೋಹದ ಮಾರುತ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ವಾರದ ನಂತರ, 24ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಎದುರಿಗೆ ಪ್ರದರ್ಶನವಾಯಿತು. ಐದು ವರ್ಷದೊಳಗೆ ಕಾಗದದಿಂದ ಆಕಾಶಕ್ಕೆ! ಆ ದಿನ ಚಪ್ಪಾಳೆ ತಟ್ಟಿದವರಲ್ಲಿ ಬಲ್ಲವರಿಗೆ ಮಾತ್ರ ಒಂದು ಕೊರತೆ ಗೊತ್ತಿತ್ತು. ಹಾರಿದ್ದು ಆ ವಿಮಾನಕ್ಕೆಂದು ಆರಿಸಿದ್ದ ಎಂಜಿನ್ನಿನ ಬಲದಿಂದ ಅಲ್ಲ.

ಟ್ಯಾಂಕ್ ಅವರು ಈ ದೇಹವನ್ನು ರೂಪಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್-12 ಎಂಬ ಎರಡು ಎಂಜಿನ್‌ಗಳಿಗಾಗಿ. ಬಾಲದಲ್ಲಿ ಮತ್ತೊಮ್ಮೆ ಇಂಧನ ಉರಿಸಿದಾಗ ಒಂದೊಂದರ ನೂಕುಬಲ 8,170 ಪೌಂಡ್. ಆದರೆ ಬ್ರಿಟಿಷ್ ಸರ್ಕಾರ ಆ ಎಂಜಿನ್ನಿಗೆ ಹಣ ಹಾಕುವುದನ್ನು ಕೈಬಿಟ್ಟಿತು. ಅದನ್ನು ಅಭಿವೃದ್ಧಿ ಮಾಡಿ ಮುಗಿಸುವ ಖರ್ಚನ್ನು ಭಾರತ ಹೊರಬೇಕೆಂಬ ಮಾತು ಬಂದಾಗ ದೆಹಲಿ ಒಪ್ಪಲಿಲ್ಲ. ಕೊನೆಗೆ ಕೈಯಲ್ಲಿದ್ದ ಆರ್ಫಿಯಸ್-703 ಎಂಬ ಸಣ್ಣ ಎಂಜಿನ್ ಹಾಕಿದರು; ಒಂದೊಂದರ ಬಲ 4,850 ಪೌಂಡ್. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಹುಟ್ಟಿದ ವಿಮಾನ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ದಾಟಲಿಲ್ಲ.

ಬೇರೆ ಎಂಜಿನ್ನಿಗಾಗಿ ನಡೆದ ಹುಡುಕಾಟ ಅರಬ್ ನೆಲಕ್ಕೂ ಬಂತು. ಈಜಿಪ್ಟಿನ ಹೆಲ್ವಾನಿನಲ್ಲಿ ಆಗ ಇನ್ನೊಬ್ಬ ಜರ್ಮನ್ ವಿನ್ಯಾಸಕಾರ ವಿಲ್ಲಿ ಮೆಸರ್‌ಸ್ಮಿಟ್ ರೂಪಿಸಿದ ಎಚ್‌ಎ-300 ಎಂಬ ಯುದ್ಧವಿಮಾನವೂ, ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ರೂಪಿಸಿದ ಇ-300 ಎಂಬ ಎಂಜಿನ್ನೂ ತಯಾರಾಗುತ್ತಿದ್ದವು. ಆ ವಿಮಾನವನ್ನು 1964ರಲ್ಲಿ ಮೊದಲು ಹಾರಿಸಿದ್ದು ನಮ್ಮ ವಾಯುಪಡೆಯ ಪೈಲಟ್ ಕಪಿಲ್ ಭಾರ್ಗವ. ಒಂದು ಮಾರುತವನ್ನು ಈಜಿಪ್ಟಿಗೆ ಕಳಿಸಿ, ಒಂದು ಬದಿಗೆ ಇ-300, ಇನ್ನೊಂದು ಬದಿಗೆ ಆರ್ಫಿಯಸ್ ಹಾಕಿ 1967ರಲ್ಲಿ ಹಾರಿಸಿದರು. ಅದೇ ವರ್ಷ ಇಸ್ರೇಲಿನೊಡನೆ ಯುದ್ಧವಾಯಿತು. 1969ಕ್ಕೆ ಈಜಿಪ್ಟ್ ಇಡೀ ಯೋಜನೆಯನ್ನೇ ಮುಚ್ಚಿತು. ಇತ್ತ ಬೆಂಗಳೂರಿನಲ್ಲಿ ಇದ್ದ ಆರ್ಫಿಯಸ್‌ಗೇ ಬಲ ಹೆಚ್ಚಿಸುವ ಪ್ರಯೋಗ ನಡೆಯಿತು. ಅಂಥ ಒಂದು ಮಾರುತವನ್ನು 1970ರ ಜನವರಿ 10ರಂದು ಹಾರಿಸಲು ಹೊರಟ ಸುರಂಜನ್ ದಾಸ್, ಮೇಲೇರುತ್ತಿದ್ದಂತೆಯೇ ಅಪಘಾತದಲ್ಲಿ ಪ್ರಾಣಬಿಟ್ಟರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಗೊಣಗುವ ನಮಗೆ ಆ ಹೆಸರು ಯಾರದೆಂದು ಯಾರೂ ಹೇಳಿರುವುದಿಲ್ಲ.

ಇಷ್ಟಾದರೂ ಮಾರುತ ಕೈಕಟ್ಟಿ ಕೂರಲಿಲ್ಲ. 18 ಜೋಡಿ ಸೀಟಿನವು ಸೇರಿ ಒಟ್ಟು 147 ವಿಮಾನಗಳು ತಯಾರಾದವು. 1967ರಲ್ಲಿ ವಾಯುಪಡೆಯ 10ನೇ ಸ್ಕ್ವಾಡ್ರನ್ ಸೇರಿ, 1971ರ ಯುದ್ಧದಲ್ಲಿ ರಾಜಸ್ಥಾನ ಮತ್ತು ಸಿಂಧ್ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿದವು. ಮಾರುತದ ಪೈಲಟ್‌ಗಳಿಗೆ ಮೂರು ವೀರಚಕ್ರ ಬಂದವು. ಗಾಳಿಯಲ್ಲಿ ವಿಮಾನದೊಡನೆ ವಿಮಾನ ಕಾದಾಡಿದಾಗ ಒಂದು ಮಾರುತವೂ ಬೀಳಲಿಲ್ಲ. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು.

ಈಗ ಲೆಕ್ಕಕ್ಕೆ ಬರೋಣ. ಎಂಜಿನ್ನಿಗೆ ಹಣ ಕೊಡದೆ ಇದ್ದದ್ದು ಮೂರ್ಖತನ ಎಂದುಬಿಡುವುದು ಸುಲಭ. ಆಗಿನ ಕಡತ ನನ್ನ ಮೇಜಿಗೆ ಬಂದಿದ್ದರೆ ನನ್ನ ಟಿಪ್ಪಣಿಯೂ ಎಚ್ಚರಿಕೆಯದೇ ಇರುತ್ತಿತ್ತು: ವಿದೇಶಿ ವಿನಿಮಯದ ಬರ, ಬೇರೆ ಯಾರೂ ಕೊಳ್ಳದ ಎಂಜಿನ್, ನಷ್ಟದ ಭಯವೆಲ್ಲ ನಮ್ಮದೇ. ತೊಡಕು ಇರುವುದು ಲೆಕ್ಕ ಬರೆಯುವ ಕ್ರಮದಲ್ಲಿ. ಎಂಜಿನ್ನಿಗೆ ಕೊಡದ ಹಣ ಆ ವರ್ಷದ ಪುಟದಲ್ಲಿ ಉಳಿತಾಯವಾಗಿ ಕಾಣುತ್ತದೆ. ಅದರಿಂದ ಮುಂದಿನ 20 ವರ್ಷ ಆದ ನಷ್ಟ ಯಾವ ಪುಟದಲ್ಲೂ ಆ ಹೆಸರಿನಲ್ಲಿ ಕಾಣುವುದಿಲ್ಲ. ಅದು ಇನ್ನೊಂದು ದೇಶದ ವಿಮಾನ ಕೊಳ್ಳುವ ಖಾತೆಯಲ್ಲಿ ಹಂಚಿಹೋಗಿರುತ್ತದೆ. ಬೆಂಗಳೂರಿನಲ್ಲಿ ಆರ್ಫಿಯಸ್ ಎಂಜಿನ್ ಪರವಾನಗಿಯ ಮೇಲೆ ತಯಾರಾಗುತ್ತಲೇ ಇತ್ತು. ಬೇರೆಯವರ ನಕ್ಷೆಯಂತೆ ಮಾಡುವ ಕೈ ನಮಗಿತ್ತು, ಹೊಸ ನಕ್ಷೆ ಬರೆಯುವ ಖರ್ಚಿಗೆ ಮಾತ್ರ ಮನಸ್ಸು ಬರಲಿಲ್ಲ.

ನಾನಿರುವ ದೇಶ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿತು. ಎಮಿರೇಟ್ಸ್ 2000ದಲ್ಲಿ ಅಮೆರಿಕದಿಂದ 80 ಎಫ್-16 ವಿಮಾನ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ತನಗೆ ಬೇಕಾದ ಹೊಸ ರೇಡಾರ್, ಹೆಚ್ಚು ಬಲದ ಎಂಜಿನ್ ಸೇರಿದ 'ಬ್ಲಾಕ್ 60' ಮಾದರಿಯ ಅಭಿವೃದ್ಧಿಗೆ ಸುಮಾರು 300 ಕೋಟಿ ಡಾಲರನ್ನು ತಾನೇ ಹಾಕಿತು. ಆ ಮಾದರಿಯನ್ನು ಬೇರೆ ದೇಶಕ್ಕೆ ಮಾರಿದರೆ ತನಗೆ ಪಾಲು ಬರಬೇಕೆಂದೂ ಬರೆಸಿಕೊಂಡಿತು. ಅಬುಧಾಬಿಯ ಅಲ್ ಧಫ್ರಾ ನೆಲೆಯಲ್ಲಿರುವ ಆ ವಿಮಾನಗಳು ತಯಾರಾದದ್ದು ಇಲ್ಲಲ್ಲ. ಇವರು ಹಣ ಕೊಟ್ಟರು, ಕಟ್ಟಲಿಲ್ಲ. ನಾವು ಕಟ್ಟಿದೆವು, ಹಣ ಕೊಡಲಿಲ್ಲ. ಎರಡೂ ಕೂಡಿದ ಕಡೆ ಮಾತ್ರ ಎಂಜಿನ್ ಹುಟ್ಟುತ್ತದೆ.

ನನ್ನ ಮಾದರಿಯ ಖರ್ಚಿನ ಪುಸ್ತಕವೂ ಇದನ್ನೇ ಹೇಳುತ್ತದೆ. ಮರ, ಅಂಟು, ಚಕ್ರ, ಬ್ಯಾಟರಿ, ರೇಡಿಯೋ ಎಲ್ಲವನ್ನೂ ಕೂಡಿದರೂ ಒಂದು ಪುಟ್ಟ ಜೆಟ್ ಎಂಜಿನ್ನಿನ ಬೆಲೆ ಮುಟ್ಟುವುದಿಲ್ಲ. ಅಂಗೈ ಅಗಲದ ಈ ಯಂತ್ರ ಆಟಿಕೆಯಲ್ಲ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಎಣ್ಣೆ ಬೆರೆಸಿದ ಸೀಮೆಎಣ್ಣೆ ಕುಡಿಯುತ್ತದೆ. ಇದರ ಹಾದಿ ತೆರೆದವರಲ್ಲಿ ಒಬ್ಬರು ಕುರ್ಟ್ ಶ್ರೆಕ್ಲಿಂಗ್ ಎಂಬ ಇನ್ನೊಬ್ಬ ಜರ್ಮನ್ ಕುರ್ಟ್. 1980ರ ದಶಕದ ಕೊನೆಗೆ ಅವರು ಮನೆಯಲ್ಲೇ ಕಟ್ಟಿದ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಚಕ್ರ ಪ್ಲೈವುಡ್ಡಿನದು, ಕಾರ್ಬನ್ ನಾರಿನಿಂದ ಬಿಗಿದದ್ದು. ಮರದಿಂದ ಶುರುಮಾಡುವುದರಲ್ಲಿ ನಾಚಿಕೆ ಇಲ್ಲ ಎಂದು ನಾನು ಕಲಿತದ್ದು ಈ ಇಬ್ಬರು ಕುರ್ಟ್‌ಗಳಿಂದ.

ಉದ್ದ ಎಂಟರಲ್ಲೊಂದಾದರೆ ತೂಕ ಎಂಟರ ಘನದಂತೆ, ಅಂದರೆ 512ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 15.87 ಮೀಟರ್ ಉದ್ದ, ಖಾಲಿ ಇದ್ದಾಗ 6,195 ಕಿಲೋ ತೂಗುತ್ತಿದ್ದ ಮಾರುತ ನನ್ನ ಕೋಣೆಯಲ್ಲಿ ಸುಮಾರು ಎರಡು ಮೀಟರ್, 12 ಕಿಲೋ. ನೂಕುಬಲಕ್ಕೂ ಅದೇ ಲೆಕ್ಕ ಹಾಕಿದೆ. ಅದಕ್ಕೆ ಸಿಕ್ಕ ಎರಡು ಎಂಜಿನ್ನಿನ ಬಲ ನನ್ನ ಅಳತೆಗೆ 8.6 ಕಿಲೋ, ಸಿಗಬೇಕಿದ್ದ ಎರಡರದು 14.5 ಕಿಲೋ. ನಾನು ಹಾಕುವುದು ಒಂದೇ ಎಂಜಿನ್, ಬಾಲದಲ್ಲಿ ಕವಲೊಡೆದ ಕೊಳವೆ. ಎರಡೂ ಬಲದ ಎಂಜಿನ್ ಇಂದು ಹಣ ಕೊಟ್ಟರೆ ಮನೆಗೆ ಬರುತ್ತದೆ. ಟ್ಯಾಂಕ್ ಕನಸಿದ ಮಾರುತವನ್ನು, ಚಿಕ್ಕದಾಗಿಯಾದರೂ, ಮೊದಲ ಬಾರಿಗೆ ಹಾರಿಸಬಹುದು!

"ಅಪ್ಪ, ಯಾವುದನ್ನ ಹಾಕಲಿ ಹೇಳಿ" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಹಾರಿಸಿದ್ದು ಚಿಕ್ಕದರಲ್ಲೇ ಅಲ್ವೇನೋ? ಹಾರಿತಲ್ಲ. ಅದನ್ನೇ ಹಾಕು" ಎಂದರು. ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಕೊಟ್ಟ ಎಂಜಿನ್ನಿನಲ್ಲಿ 147 ವಿಮಾನಗಳನ್ನು ಗೇಟಿನಿಂದ ಆಚೆ ಕಳಿಸಿದವರಲ್ಲಿ ಅವರೂ ಒಬ್ಬರು. ಚಿಕ್ಕದನ್ನೇ ತರಿಸಿದ್ದೇನೆ.

ಯಾವಾಗ ಹಾರಿಸುತ್ತೀರಿ ಎಂದು ಗೆಳೆಯರು ಕೇಳುತ್ತಾರೆ. 2022ರ ಜನವರಿ 17ರಂದು ಅಬುಧಾಬಿಯ ಮೇಲೆ ಡ್ರೋನ್ ದಾಳಿಯಾಗಿ ಮುಸಫ್ಫಾದಲ್ಲಿ ಮೂವರು ಸತ್ತರು. ಇಬ್ಬರು ಭಾರತೀಯರು, ಒಬ್ಬರು ಪಾಕಿಸ್ತಾನಿ, ನಮ್ಮಂತೆಯೇ ದುಡಿಯಲು ಬಂದವರು. ಕೆಲವೇ ದಿನಗಳಲ್ಲಿ ಹವ್ಯಾಸಿಗಳ ಹಾರಾಟವನ್ನೆಲ್ಲ ಸರ್ಕಾರ ನಿಲ್ಲಿಸಿತು. ನಾನು ನಿಧಾನವಾಗಿ ಕಟ್ಟಲು ಕೂತದ್ದು ಆಗಲೇ. ಈಗ ನೋಂದಣಿ, ಅನುಮತಿಯೊಂದಿಗೆ ನಿಯಮ ಹಂತಹಂತವಾಗಿ ಸಡಿಲವಾಗಿದೆ. ಕಾಗದಪತ್ರ ಪೂರ್ತಿಯಾಗದೆ ಒಂದಡಿಯೂ ಮೇಲೇರಿಸುವುದಿಲ್ಲ. ಆಕಾಶದಿಂದ ಬರುವ ಸದ್ದಿಗೆ ಇಲ್ಲಿ ಜನ ಬೆಚ್ಚಿದ್ದನ್ನು ಕಂಡಿದ್ದೇನೆ.

2025ರ ನವೆಂಬರ್ 21ರಂದು ದುಬೈ ಏರ್ ಶೋನಲ್ಲಿ ನಮ್ಮ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು. ಆ ಸಂಜೆ ಅಪ್ಪ ಫೋನಿನಲ್ಲಿ ದಾಸ್ ಅವರನ್ನು ನೆನೆದು ಬಹಳ ಹೊತ್ತು ಮಾತಾಡಲಿಲ್ಲ. ತೇಜಸ್ ಕೂಡ ಬೆಂಗಳೂರಿನ ಕೂಸು. 2001ರ ಜನವರಿ 4ರಂದು ಮೊದಲು ಹಾರಿದ್ದೂ ಅಲ್ಲೇ. ಅದಕ್ಕಾಗಿ ಬೆಂಗಳೂರಿನಲ್ಲೇ ರೂಪಿಸಲು ಹೊರಟ ಎಂಜಿನ್ನಿಗೆ ಕಾವೇರಿ ಎಂದು ಹೆಸರಿಟ್ಟರು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ತೇಜಸ್ ಹಾರುತ್ತಿರುವುದು ಅಮೆರಿಕದ ಎಂಜಿನ್ನಿನಲ್ಲಿ. ಹೊಸ ಮಾದರಿಯ ತೇಜಸ್‌ಗಾಗಿ 2021ರಲ್ಲಿ 99 ಎಂಜಿನ್ ಕೇಳಿದರೆ ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ. ಅಷ್ಟು ದಿನ ವಿಮಾನದ ದೇಹಗಳು ಕಾರ್ಖಾನೆಯಲ್ಲಿ ಎಂಜಿನ್ನಿಗಾಗಿ ಕಾದವು. ಮಾರುತದ ಪುಸ್ತಕದಿಂದ ಬಾಕಿಯೊಂದು ಮುಂದಿನ ಪುಸ್ತಕಕ್ಕೆ ಹಾಗೇ ಎತ್ತಿ ಬರೆದಂತಿದೆ.

ಮಾರುತ ವಿಫಲವೇ? ನನ್ನ ಲೆಕ್ಕದಲ್ಲಿ ಅಲ್ಲ. ಅದನ್ನು ಕಟ್ಟಿದವರು ತಮ್ಮ ಪಾಲಿನದನ್ನು ಪೂರ್ತಿ ಕೊಟ್ಟಿದ್ದಾರೆ. ಬರಬೇಕಾದ ಇನ್ನೊಂದು ಪಾಲು ಬರಲಿಲ್ಲ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಅಲ್ಲಿ ಮಾರುತ ನಿಂತಿದೆ. ಮೂಗಿನ ಮುಂದೆ ಫೋಟೋ ತೆಗೆಸಿಕೊಂಡಾದ ಮೇಲೆ ಸುತ್ತಿ ಹಿಂದಕ್ಕೆ ಬಂದು ಬಾಲದ ಎರಡು ಬಾಯಿಗಳನ್ನೂ ಮಕ್ಕಳಿಗೆ ತೋರಿಸಿ. ಅಲ್ಲಿ ಏನು ಇರಬೇಕಿತ್ತು ಎಂದು ಅವರು ಕೇಳಿದರೆ, ಈ ಕಥೆ ಹೇಳಿ.