ಲೇಸರ್ ಪರಿಭಾಷೆಯ ಅನುವಾದ

ಲೇಸರ್ ಭೌತವಿಜ್ಞಾನದ ಪಾರಿಭಾಷಿಕ ಪದಗಳನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತರುವುದು ತಾಂತ್ರಿಕ ಅನುವಾದದ ಒಂದು ಕವಲು. ಸಂಶೋಧನ ಪ್ರಬಂಧ, ಪೇಟೆಂಟ್, ಉಪಕರಣಗಳ ಕೈಪಿಡಿ, ಸುರಕ್ಷತಾ ಸೂಚನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಪದ ಹೆಸರಿಸುವ ವಿದ್ಯಮಾನವನ್ನು ಅರಿತವರಿಗೆ ಮಾತ್ರ ಈ ಕೆಲಸ ಒಗ್ಗುತ್ತದೆ.

ಹಿನ್ನೆಲೆ: ಲೇಸರಿಗೆ ಆಧಾರವಾದ ಪ್ರಚೋದಿತ ಉತ್ಸರ್ಜನೆಯನ್ನು (ಬೆಳಕು ತಾಗಿದ ಉದ್ರಿಕ್ತ ಪರಮಾಣು ಅಂಥದೇ ಬೆಳಕನ್ನು ಹೊಮ್ಮಿಸುವುದನ್ನು) ಐನ್‌ಸ್ಟೈನ್ 1916–17ರಲ್ಲಿ ವಿವರಿಸಿದರು. 1960ರ ಮೇ 16ರಂದು ಥಿಯೊಡೋರ್ ಮೈಮನ್ ಅಮೆರಿಕದಲ್ಲಿ ಮೊದಲ ಮಾಣಿಕ್ಯ ಲೇಸರನ್ನು ಬೆಳಗಿಸಿದರು. ಇಂಗ್ಲಿಷ್ ಪದಗುಚ್ಛವೊಂದರ ಮೊದಲಕ್ಷರಗಳಿಂದಾದ ‘ಲೇಸರ್’ ಎಂಬ ಹೆಸರನ್ನು ಫ್ರೆಂಚರೂ ಕನ್ನಡಿಗರೂ ಹಾಗೆಯೇ ಉಳಿಸಿಕೊಂಡರು. ಆದರೆ ಪದಗಳ ಕೊಡುಕೊಳ್ಳುವಿಕೆ ಏಕಮುಖವಲ್ಲ. ಬೆಳಕಿನಿಂದ ಪರಮಾಣುಗಳನ್ನು ಮೇಲಿನ ಶಕ್ತಿಮಟ್ಟಕ್ಕೇರಿಸುವ ‘ಪೊಂಪಾಜ್ ಒಪ್ತೀಕ್’ (ಇಂಗ್ಲಿಷಿನ ‘ಆಪ್ಟಿಕಲ್ ಪಂಪಿಂಗ್’) ವಿಧಾನವನ್ನು ರೂಪಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಕಾಸ್ಲರ್. ಅವರಿಗೆ 1966ರ ನೊಬೆಲ್ ಪ್ರಶಸ್ತಿ ಸಂದಿತು. ಫ್ರೆಂಚ್ ಭೌತವಿಜ್ಞಾನಿಗಳಾದ ಫಾಬ್ರಿ ಮತ್ತು ಪೆರೋ ಅವರ ಸಮಾಂತರ ಕನ್ನಡಿಗಳ ಉಪಕರಣದೊಡನೆ ಬಂದ ‘ಎಟಲೋನ್’ ಇಂಗ್ಲಿಷಿನಲ್ಲಿ ಇಂದಿಗೂ ಫ್ರೆಂಚ್ ಪದವೇ.

ಮುಖ್ಯ ತೊಡಕುಗಳು: ‘ಲಾಜೇರ್ ದೇಕ್ಲಾಂಶೇ’ ಎಂಬುದರ ನೇರ ಅರ್ಥ ‘ಚಾಲೂ ಮಾಡಿದ ಲೇಸರ್’. ಇಂಗ್ಲಿಷಿನಲ್ಲಿ ಅದು ‘ಕ್ಯೂ-ಸ್ವಿಚ್ಡ್ ಲೇಸರ್’. ಕನ್ನಡಿಗಳ ನಡುವಿನ ಕುಹರದಲ್ಲಿ ಬೆಳಕಿನ ನಷ್ಟವನ್ನು ಮೊದಲು ಹೆಚ್ಚಿಸಿಟ್ಟು, ಮಾಧ್ಯಮದಲ್ಲಿ ಶಕ್ತಿ ತುಂಬಿದ ಮೇಲೆ ಥಟ್ಟನೆ ಇಳಿಸಿದರೆ ನ್ಯಾನೊಸೆಕೆಂಡುಗಳಷ್ಟು ಕಿರಿದಾದ ಪ್ರಬಲ ಮಿಡಿತ ಹೊಮ್ಮುತ್ತದೆ. ನಷ್ಟ ಇಳಿದಾಗ ಏರುವ ಕುಹರದ ಗುಣಮಟ್ಟವೇ (ಕ್ವಾಲಿಟಿ) ಹೆಸರಿನ ‘ಕ್ಯೂ’. ಈ ಕ್ರಿಯೆ ಗೊತ್ತಿಲ್ಲದವರಿಗೆ ಸರಿಯಾದ ಹೆಸರು ಹೊಳೆಯದು. ಪದಗಳ ಹೋಲಿಕೆಯೂ ದಾರಿ ತಪ್ಪಿಸುತ್ತದೆ: ಫ್ರೆಂಚಿನ ‘ಲ್ಯುಮಿನಾನ್ಸ್ ಎನೆರ್ಜೆಟೀಕ್’ ಇಂಗ್ಲಿಷಿನ ‘ರೇಡಿಯನ್ಸ್’ (ವಿಕಿರಣದ ಪ್ರಖರತೆ). ಇಂಗ್ಲಿಷಿನ ‘ಲ್ಯೂಮಿನನ್ಸ್’ ಕಣ್ಣಿನ ಸಂವೇದನೆಯನ್ನು ಲೆಕ್ಕಕ್ಕೆ ಹಿಡಿದ ಬೇರೆಯೇ ಪರಿಮಾಣ.

ಅಂಕಿಗಳಲ್ಲೂ ಎಚ್ಚರ ಬೇಕು. ನಿಯೋಡಿಮಿಯಮ್-ಯಾಗ್ ಲೇಸರಿನ ಅಲೆಯುದ್ದವನ್ನು ಫ್ರೆಂಚ್ ಕೈಪಿಡಿ ‘1,064 ಮೈಕ್ರೊಮೀಟರ್’ ಎಂದು ಬರೆಯುತ್ತದೆ. ಅಲ್ಲಿ ಅಲ್ಪವಿರಾಮವೇ ದಶಮಾಂಶ ಚಿಹ್ನೆ. ಅದನ್ನು 1.064 ಎಂದು ತಿದ್ದದಿದ್ದರೆ ಇಂಗ್ಲಿಷ್ ಓದುಗರಿಗೆ ಅಲೆಯುದ್ದ ಸಾವಿರ ಪಟ್ಟು ಹಿಗ್ಗಿದಂತಾಗುತ್ತದೆ. ಈ ಲೇಸರಿನ ಅವರಕ್ತ (ಇನ್‌ಫ್ರಾರೆಡ್) ಬೆಳಕು ಕಣ್ಣಿಗೆ ಕಾಣದು, ಆದರೂ ಅಕ್ಷಿಪಟಲವನ್ನು ಸುಡಬಲ್ಲದು. ರಕ್ಷಣಾ ಕನ್ನಡಕವನ್ನು ಅಲೆಯುದ್ದ ನೋಡಿಯೇ ಆರಿಸಬೇಕು. ಹಾಗಾಗಿ ಒಂದು ಚಿಹ್ನೆಯ ತಪ್ಪೂ ಸಣ್ಣದಲ್ಲ.

ಕನ್ನಡದ ಸಂದರ್ಭ: ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಸಂಪಾದಕರಲ್ಲೊಬ್ಬರಾಗಿದ್ದ ‘ವಿಜ್ಞಾನ’ ಪತ್ರಿಕೆಯ ಕಾಲದಿಂದಲೂ ಕನ್ನಡವೂ ವಿಜ್ಞಾನದ ಪದಗಳನ್ನು ತನ್ನೊಳಗೆ ತರುವ ಇಂಥದೇ ಕೆಲಸದಲ್ಲಿ ತೊಡಗಿದೆ. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ ಮತ್ತು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಅದನ್ನು ಮುಂದುವರಿಸಿದವು. ಆದರೆ ಒಂದೇ ಪರಿಮಾಣಕ್ಕೆ ಅಲೆಯುದ್ದ, ತರಂಗಾಂತರ, ತರಂಗದೂರ ಎಂಬ ಮೂರು ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಯಾದಗಿರಿ ಜಿಲ್ಲೆಯ ದೇವಾಪುರದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಕನ್ನಡದಲ್ಲಿ ಓದುವ ವಿದ್ಯಾರ್ಥಿ ಇವನ್ನು ಮೂರು ಬೇರೆ ಸಂಗತಿಗಳೆಂದು ತಿಳಿಯಬಾರದು. ಪುಸ್ತಕವೊಂದರಲ್ಲಿ ಒಂದೇ ಪದವನ್ನು ಆರಿಸಿ, ಮೊದಲ ಬಳಕೆಯಲ್ಲೇ ಅರ್ಥ ಬಿಡಿಸಿ, ಕೊನೆಯವರೆಗೂ ಅದನ್ನೇ ಪಾಲಿಸುವುದು ಲೇಖಕರ ಹೊಣೆ.