ಮಾತಾಡದ ನಾಯಿ ಎತ್ತಿದ ಚಂದಾ

ಆಸ್ಪತ್ರೆಗೆ ಚಂದಾ ಎತ್ತುವವರು ಬಂದರೆ ಮನೆಯವರ ಕೈ ಜೇಬಿಗಿಂತ ಮೊದಲು ಬಾಗಿಲ ಚಿಲಕಕ್ಕೆ ಹೋಗುವುದುಂಟು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2013ರ ಬೇಸಿಗೆಯಲ್ಲಿ ಯಾರೂ ಬಾಗಿಲು ತಟ್ಟಲಿಲ್ಲ. ಜನರೇ ಮನೆಬಿಟ್ಟು ಬೀದಿಗೆ ಬಂದರು, ಒಂದು ನಾಯಿಯನ್ನು ನೋಡಲು.

ಬ್ರಿಸ್ಟಲ್ ಎಂದರೆ ನಮ್ಮವರಿಗೆ ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡ ಊರು. ಮಕ್ಕಳಿಗೆ ಅದು ಆರ್ಡ್‌ಮನ್ ಸ್ಟುಡಿಯೋದ ಊರು. ಪ್ಲಾಸ್ಟಿಸಿನ್ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಒಂದೊಂದೇ ಚಿತ್ರ ತೆಗೆದು ಸಿನಿಮಾ ಮಾಡುವವರು ಅವರು. ನಿಕ್ ಪಾರ್ಕ್ ಸೃಷ್ಟಿಸಿದ ವ್ಯಾಲೇಸ್, ಚೀಸ್ ಎಂದರೆ ಪ್ರಾಣ ಬಿಡುವ ಯಂತ್ರಮರುಳ. ಅವನ ನಾಯಿ ಗ್ರಾಮಿಟ್‌ಗೆ ಬಾಯಿಯೇ ಇಲ್ಲ. ಹೇಳುವುದನ್ನೆಲ್ಲ ಹುಬ್ಬಿನಲ್ಲೇ ಹೇಳುತ್ತದೆ.

ಈ ಜೋಡಿಗೂ ಊರಿನ ಮಕ್ಕಳ ಆಸ್ಪತ್ರೆಗೂ ನಂಟು ಬೆಳೆದದ್ದು 1995ರಲ್ಲಿ. 1866ರಲ್ಲಿ ಶುರುವಾದ ಆಸ್ಪತ್ರೆಗೆ ಹೊಸ ಕಟ್ಟಡ ಬೇಕಿತ್ತು. ಅದಕ್ಕಾಗಿ ಈ ಜೋಡಿಯ ಹೆಸರಲ್ಲೇ ಹುಟ್ಟಿದ 'ಗ್ರ್ಯಾಂಡ್ ಅಪೀಲ್' ಎಂಬ ಸಂಸ್ಥೆ 1 ಕೋಟಿ 20 ಲಕ್ಷ ಪೌಂಡ್ ಕೂಡಿಸಿತು. 2001ರಲ್ಲಿ ಕಟ್ಟಡ ತೆರೆಯಿತು. ಅಲ್ಲಿಗೆ ಕೆಲಸ ಮುಗಿಯಿತೆಂದು ಅದು ಬೀಗ ಹಾಕಿಕೊಂಡು ಹೋಗಲಿಲ್ಲ. ಆಸ್ಪತ್ರೆಯ ವಿಸ್ತರಣೆ, ಶಸ್ತ್ರಚಿಕಿತ್ಸೆಯ ನಡುವೆಯೇ ಬಳಸಬಹುದಾದ ಎಂಆರ್‌ಐ ಸ್ಕ್ಯಾನರ್, ಹೆತ್ತವರಿಗೆ ಅನುಕೂಲ ಎಂದು ಅಗತ್ಯಗಳು ಬೆಳೆಯುತ್ತಲೇ ಹೋದವು.

ಬೀದಿಯಲ್ಲಿ ಶಿಲ್ಪಗಳನ್ನಿಟ್ಟು ಕೊನೆಗೆ ಹರಾಜು ಹಾಕುವ ಉಪಾಯ ಹೊಸದಲ್ಲ. 1998ರಲ್ಲಿ ಜ್ಯೂರಿಕ್‌ನ ಬೀದಿಗಳಲ್ಲಿ ಬಣ್ಣದ ಹಸುಗಳು ನಿಂತಿದ್ದವು, ಮರುವರ್ಷ ಶಿಕಾಗೋದಲ್ಲಿ. ಬ್ರಿಸ್ಟಲ್‌ನಲ್ಲೇ 2011ರಲ್ಲಿ ಮೃಗಾಲಯದ 175ನೇ ವರ್ಷಕ್ಕೆ 61 ಗೊರಿಲ್ಲಾಗಳು ಬಂದು, ನಾಲ್ಕು ಲಕ್ಷ ಪೌಂಡ್‌ಗೂ ಹೆಚ್ಚು ತಂದಿದ್ದವು. ಇನ್ನೂ ಹಿಂದೆ ಹೋದರೆ ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ಸಿಗುತ್ತದೆ. ಹೆಸರಿಗೆ ಹಾಸ್ಪಿಟಲ್, ನಿಜದಲ್ಲಿ ಅನಾಥ ಶಿಶುಗಳ ಆಶ್ರಯ. ಚಿತ್ರಕಾರ ಹೋಗಾರ್ತ್ 1740ರಲ್ಲಿ ಅದರ ಸ್ಥಾಪಕ ಥಾಮಸ್ ಕೋರಮ್‌ನ ಭಾವಚಿತ್ರ ಬರೆದುಕೊಟ್ಟ. ಗೆಳೆಯ ಕಲಾವಿದರಿಂದಲೂ ಕೊಡಿಸಿದ. ಚಿತ್ರ ನೋಡಲು ಬಂದ ಉಳ್ಳವರ ಕಣ್ಣಿಗೆ ಮಕ್ಕಳೂ ಬೀಳಲಿ ಎಂಬ ಲೆಕ್ಕಾಚಾರ ಅದರಲ್ಲಿತ್ತು.

ಇದೇ ಉಪಾಯ ಹಿಡಿದ ಗ್ರ್ಯಾಂಡ್ ಅಪೀಲ್‌ಗಾಗಿ 2013ರ ಜುಲೈ 1ರಿಂದ ಸೆಪ್ಟೆಂಬರ್ 8ರವರೆಗೆ 80 ಗ್ರಾಮಿಟ್‌ಗಳು ನಿಂತವು. ಎಲ್ಲವೂ ಒಂದೇ ಅಚ್ಚಿನ ಫೈಬರ್‌ಗ್ಲಾಸ್, ಸುಮಾರು ಐದಡಿ ಎತ್ತರ. ಬಣ್ಣ ಮಾತ್ರ ಒಬ್ಬೊಬ್ಬರದು ಒಂದೊಂದು: ಚಿತ್ರಕಾರ ಪೀಟರ್ ಬ್ಲೇಕ್, ವಸ್ತ್ರವಿನ್ಯಾಸಕ ಪಾಲ್ ಸ್ಮಿತ್, ಜೊತೆಗೆ ಊರಿನ ಕಲಾವಿದರು. ಪ್ರಾಯೋಜಕರು ಖರ್ಚು ಹೊತ್ತರು. ನಕ್ಷೆ ಹಿಡಿದು ಒಂದೊಂದನ್ನೇ ಹುಡುಕುತ್ತ ಮಕ್ಕಳು ಅಪ್ಪ–ಅಮ್ಮಂದಿರನ್ನು ಊರೆಲ್ಲ ನಡೆಸಿದರು. ಕೆಲವು ಗ್ರಾಮಿಟ್‌ಗಳಿಗೆ ಪೆಟ್ಟೂ ಬಿತ್ತು. ರಿಪೇರಿಯಾಗಿ ಮತ್ತೆ ಬಂದು ನಿಂತವು.

ಈ ಏರ್ಪಾಡಿನ ಜಾಣತನ ಹಂಚಿಕೆಯಲ್ಲಿದೆ. ನೋಡುವುದು ಎಲ್ಲರಿಗೂ ಪುಕ್ಕಟೆ, ದೊಡ್ಡ ಮೊತ್ತ ಬರುವುದು ಹರಾಜಿನಲ್ಲಿ ಕೂಗುವ ಕೆಲವರಿಂದ. ಬೇಸಿಗೆಯಿಡೀ ಊರು ಮುದ್ದಾಡಿದ ನಾಯಿಗೆ ಹರಾಜಿನ ಹೊತ್ತಿಗೆ ಬೆಲೆ ತಾನಾಗಿ ಏರಿರುತ್ತದೆ. ಅಕ್ಟೋಬರ್ 3ರ ಹರಾಜಿನಲ್ಲಿ ಪಿಕ್ಸಾರ್ ಸ್ಟುಡಿಯೋ ರೂಪಿಸಿದ 'ಗ್ರಾಮಿಟ್ ಲೈಟ್‌ಇಯರ್' ಒಂದೇ 65,000 ಪೌಂಡ್‌ಗೆ ಹೋಯಿತು. ಒಟ್ಟು ಬಂದದ್ದು 23 ಲಕ್ಷ ಪೌಂಡ್‌ನಷ್ಟು.

2015ರಲ್ಲಿ ಆರ್ಡ್‌ಮನ್‌ನವರದೇ ಶಾನ್ ಎಂಬ ಕುರಿಯ ಸರದಿ: ಲಂಡನ್‌ನಲ್ಲಿ 50, ಬ್ರಿಸ್ಟಲ್‌ನಲ್ಲಿ 70. 2018ರ 67 ಶಿಲ್ಪಗಳಲ್ಲಿ ಗ್ರಾಮಿಟ್ ಜೊತೆ ವ್ಯಾಲೇಸ್ ಬಂದ, ಫೆದರ್ಸ್ ಮೆಕ್‌ಗ್ರಾ ಎಂಬ ಪೆಂಗ್ವಿನ್ ಕೂಡ. ಸಿನಿಮಾದಲ್ಲಿ ವಜ್ರಕ್ಕೆ ಕನ್ನ ಹಾಕಿ ಮೃಗಾಲಯದಲ್ಲಿ ಬಂದಿಯಾದ ಕಳ್ಳ ಅದು. ಬ್ರಿಸ್ಟಲ್‌ನಲ್ಲಿ ಆಸ್ಪತ್ರೆಗೆ ದುಡ್ಡು ಕೂಡಿಸುವ ಕೆಲಸಕ್ಕೆ ಅದನ್ನೂ ಹಚ್ಚಿದರು.