ಗ್ನುಸಿಮ್8085
ಇಂಟೆಲ್ 8085 ಮೈಕ್ರೋಪ್ರೊಸೆಸರನ್ನು ಕಂಪ್ಯೂಟರಿನ ತೆರೆಯ ಮೇಲೆ ಅನುಕರಿಸುವ ಮುಕ್ತ ತಂತ್ರಾಂಶ. ಶ್ರೀಧರ್ ರತ್ನಕುಮಾರ್ 2003ರಲ್ಲಿ ಲಿನಕ್ಸ್‌ಗಾಗಿ ಇದನ್ನು ಬರೆಯತೊಡಗಿದರು; ಮುಂದೆ ವಿಂಡೋಸ್‌ಗೂ ಬಂತು. ಸಿ ಭಾಷೆಯಲ್ಲಿದ್ದು, ಜಿಪಿಎಲ್ ಪರವಾನಗಿಯಡಿ ಉಚಿತವಾಗಿ ಸಿಗುತ್ತದೆ.

8085 ಬಂದದ್ದು 1976ರಲ್ಲಿ. ಎಂಟು ಬಿಟ್ಟಿನ ಈ ಚಿಪ್ 64 ಕಿಲೋಬೈಟ್ ಸ್ಮೃತಿಯನ್ನಷ್ಟೇ ತಲುಪಬಲ್ಲದು. ಹೆಸರಿನ ಕೊನೆಯ 5, ಅದಕ್ಕೆ ಸಾಕಾಗುವ ಒಂದೇ 5 ವೋಲ್ಟಿನ ವಿದ್ಯುತ್ತನ್ನು ಸೂಚಿಸುತ್ತದೆ. ಹಳೆಯದಾದರೂ ಭಾರತದ ಇಂಜಿನಿಯರಿಂಗ್ ಪಠ್ಯಗಳಲ್ಲಿ ದೀರ್ಘಕಾಲ ಉಳಿದಿದೆ. ಎ ರಿಜಿಸ್ಟರಿನಲ್ಲಿ ಎಫ್ಎಫ್ ಇಟ್ಟು ಅದಕ್ಕೆ 1 ಕೂಡಿಸಲು, ಪ್ರಯೋಗಾಲಯದ ಕಿಟ್‌ನಲ್ಲಿ ವಿದ್ಯಾರ್ಥಿ ಕೋಷ್ಟಕ ನೋಡಿಕೊಂಡು 3ಇ, ಎಫ್ಎಫ್, ಸಿ6, 01, 76 ಎಂದು ಒಂದೊಂದೇ ಸಂಕೇತವನ್ನು ಕೀಲಿ ಒತ್ತಿ ತುಂಬಬೇಕು. ನಡುವೆ ಒಂದು ತಪ್ಪಿದರೆ ಉತ್ತರವೇ ಬೇರೆ. ಗ್ನುಸಿಮ್‌ನಲ್ಲಿ ಅದನ್ನೇ ಅಸೆಂಬ್ಲಿ ಭಾಷೆಯಲ್ಲಿ ಮೂರು ಸಾಲು ಬರೆದರೆ ಮುಗಿಯಿತು. ಒಂದೊಂದೇ ಹೆಜ್ಜೆ ನಡೆಸಿದಂತೆ ಎ ರಿಜಿಸ್ಟರ್ ಎಫ್ಎಫ್‌ನಿಂದ 00ಕ್ಕೆ ಮರಳುವುದೂ, ಉತ್ತರ ಸೊನ್ನೆಯಾಯಿತೇ, ದಶಕ ಹೊರಬಿತ್ತೇ ಎಂದು ತಿಳಿಸುವ ಶೂನ್ಯ ಮತ್ತು ಕ್ಯಾರಿ ಫ್ಲ್ಯಾಗ್‌ಗಳು 1 ಆಗುವುದೂ ಕಣ್ಣೆದುರೇ ಕಾಣುತ್ತದೆ. ಫ್ಲ್ಯಾಗ್ ಎಂದರೇನೆಂದು ತಿಳಿಯಲು ಇದಕ್ಕಿಂತ ಸಲೀಸಾದ ದಾರಿ ವಿರಳ.

ಸಡಿಲ ತಂತಿ, ಅದುರುವ ಸ್ವಿಚ್ಚು ಮಾತ್ರ ಇಲ್ಲಿ ಎದುರಾಗವು. ಅದಕ್ಕೆ ಕಿಟ್ಟೇ ಬೇಕು.